ಬಾಳಿಕೆಯೊಂದೇ ಬೆಲೆಯಲ್ಲ



ಒಂದು ಸಂಸ್ಥೆ ಎಷ್ಟು ವರ್ಷ ಬದುಕಿತು ಎಂಬುದರಿಂದಲೇ ಅದರ ಯೋಗ್ಯತೆಯನ್ನು ನಿರ್ಣಯಿಸುವ ಅಭ್ಯಾಸವೊಂದು ನಮ್ಮಲ್ಲಿ ಬೇರೂರಿದೆ. ಶತಮಾನ ಕಂಡ ಶಾಲೆಗೆ ಸಮಾರಂಭ, ನೂರು ವರ್ಷ ದಾಟಿದ ಅಂಗಡಿಗೆ ಸನ್ಮಾನ. ಆದರೆ ನಾಲ್ಕೇ ವರ್ಷ ಉರಿದು ಆರಿದ ದೀಪದ ಬೆಳಕಿನಲ್ಲಿ ಯಾರು ಏನನ್ನು ಕಂಡರು ಎಂದು ಕೇಳುವವರಿಲ್ಲ. ಈ ಅಭ್ಯಾಸದಿಂದ ಎಲ್ಲರಿಗಿಂತ ಹೆಚ್ಚು ಅನ್ಯಾಯಕ್ಕೆ ಒಳಗಾದವು ನಮ್ಮ ನಾಟಕ ಕಂಪನಿಗಳು.

ಇದನ್ನು ಬರೆಯಲು ಕಾರಣವಿದೆ. ನಮ್ಮ ಕಡೆಯ ಒಂದು ಸ್ಮರಣ ಸಂಚಿಕೆಗೆಂದು ಶಹಾಪುರ-ಸುರಪುರ ಸೀಮೆಯ ಜಾತ್ರೆಗಳಲ್ಲಿ ಬಿಡಾರ ಹೂಡುತ್ತಿದ್ದ ನಾಟಕ ಮಂಡಳಿಗಳನ್ನು ಕುರಿತು ಲೇಖನ ಕೊಟ್ಟಿದ್ದೆ. ಅದು ಹಿಂದಿರುಗಿ ಬಂತು. ‘ಸರ್, ಹತ್ತು ವರ್ಷವೂ ಬಾಳದ ಕಂಪನಿಗಳಿಗೆ ಇತಿಹಾಸವೆಲ್ಲಿಯದು? ಒಂದು ಕಟ್ಟಡವಾದರೂ ಉಳಿದಿದೆಯೇ?’ ಎಂದು ಕೇಳಿದರು. ಪ್ರಶ್ನೆ ವಿನಯದ್ದೇ, ಆದರೆ ಅದರೊಳಗೆ ಎರಡು ತಪ್ಪು ಗ್ರಹಿಕೆಗಳು ಅಡಗಿವೆ. ರಂಗಭೂಮಿ ಎಂದರೆ ಕಟ್ಟಡ ಎಂಬುದು ಒಂದು. ಮುಚ್ಚಿಹೋದದ್ದೆಲ್ಲ ಸೋತದ್ದು ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಕೃಷ್ಣಾ-ಭೀಮಾ ನದಿಗಳ ನಡುವಿನ ಈ ಸೀಮೆಯಲ್ಲಿ ನಾಟಕಶಾಲೆ ಎಂದರೆ ನೆಟ್ಟ ಗಳುಗಳು, ತಗಡಿನ ಗೋಡೆ, ತಾಡಪತ್ರಿಯ ಮಾಡು. ಜಾತ್ರೆಗೆ ಮುಂಚೆ ಏಳುತ್ತಿತ್ತು, ಮಳೆ ಬರುವ ಮೊದಲು ಇಳಿಯುತ್ತಿತ್ತು. ದೊಡ್ಡಾಟಕ್ಕಂತೂ ಅಷ್ಟೂ ಬೇಕಿರಲಿಲ್ಲ. ಒಂದು ಕಟ್ಟೆ, ಮೇಲೊಂದು ಚಪ್ಪರ ಸಾಕು. ಸ್ಥಾವರಕ್ಕಿಂತ ಜಂಗಮವೇ ಮೇಲೆಂದು ನಂಬಿದ ಶರಣರ ನಾಡಿನಲ್ಲಿ ಹುಟ್ಟಿದವರು, ಕಲೆಗೆ ಮಾತ್ರ ಕಲ್ಲಿನ ಸಾಕ್ಷಿಯನ್ನು ಕೇಳುವುದು ವಿಚಿತ್ರವಲ್ಲವೇ?

ಎರಡನೆಯದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. 1870ರ ದಶಕದಲ್ಲಿ ಉತ್ತರ ಕರ್ನಾಟಕದ ಊರುಗಳಲ್ಲಿ ಮರಾಠಿ ನಾಟಕಗಳದ್ದೇ ಭರಾಟೆ. ಕನ್ನಡಿಗರು ದುಡ್ಡು ಕೊಟ್ಟು ಮರಾಠಿ ನಾಟಕ ನೋಡಿ, ಮರಾಠಿ ಪದಗಳನ್ನೇ ಗುನುಗುತ್ತ ಮನೆಗೆ ಹೋಗುತ್ತಿದ್ದ ಕಾಲವದು. ಆಗ ಗದುಗಿನಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಸಕ್ಕರಿ ಬಾಳಾಚಾರ್ಯರು ‘ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ’ಯನ್ನು ಕಟ್ಟಿ ಕನ್ನಡದಲ್ಲಿ ನಾಟಕವಾಡಿಸಿದರು. ಇವರೇ ನಾವು ಶಾಂತಕವಿ ಎಂದು ಗೌರವಿಸುವ ಹಿರಿಯರು (1856–1920). ಅವರು ಜಹಗೀರುದಾರರಲ್ಲ, ಸಾಹುಕಾರರಲ್ಲ. ನನ್ನಂತೆಯೇ ಶಾಲೆಯ ಮಾಸ್ತರರು. ಆ ಮಂಡಳಿ ದೀರ್ಘಕಾಲ ಬಾಳಲಿಲ್ಲ. ಹಾಗೆಂದು ಅದು ಸೋತಿತೆನ್ನೋಣವೇ? ಕನ್ನಡದಲ್ಲಿಯೂ ನಾಟಕವಾಡಿ ಜನರನ್ನು ಕೂಡಿಸಬಹುದೆಂಬ ಧೈರ್ಯವನ್ನು ಅದು ಬಿಟ್ಟುಹೋಯಿತು. ಕೊಣ್ಣೂರು, ಶಿರಹಟ್ಟಿಗಳ ಕಂಪನಿಗಳು, ಗದುಗಿನ ಗರುಡ ಸದಾಶಿವರಾಯರ ಕಂಪನಿ ಎಲ್ಲವೂ ನಡೆದದ್ದು ಆ ಮಾಸ್ತರರು ಸವೆಸಿದ ದಾರಿಯಲ್ಲಿಯೇ.

ಇನ್ನೂ ಹಿಂದಕ್ಕೆ ಹೋಗಿ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು; ಮರಾಠಿ ರಂಗಭೂಮಿ ತನ್ನ ಜನ್ಮವರ್ಷವನ್ನು ಅಲ್ಲಿಂದಲೇ ಎಣಿಸುತ್ತದೆ. ಅದಕ್ಕೆ ಪ್ರೇರಣೆ, ಸಾಂಗಲಿಯ ಅರಸರೆದುರು ಆಡಿಹೋದ ಕರ್ನಾಟಕದ ಭಾಗವತರ ಆಟ. ಕೆಲವು ರಾತ್ರಿಗಳಷ್ಟೇ ಅಲ್ಲಿದ್ದು ಬಂದ ಒಂದು ಮೇಳ ಇನ್ನೊಂದು ಭಾಷೆಗೆ ರಂಗಭೂಮಿಯನ್ನೇ ಕೊಟ್ಟಿತು. ಇದನ್ನು ಯಾವ ಬಾಳಿಕೆಯ ಕೋಲಿನಿಂದ ಅಳೆಯುತ್ತೀರಿ?

ಪರದೇಶದವರ ನಡತೆಯನ್ನೂ ನೋಡಿ. ಅಮೆರಿಕದ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ವಿಲಿಯಂ ಲೆವಿಂಗ್‌ಸ್ಟನ್ ಎಂಬವನು 1716ರಲ್ಲಿ ಚಾರ್ಲ್ಸ್ ಸ್ಟ್ಯಾಗ್, ಮೇರಿ ಸ್ಟ್ಯಾಗ್ ಎಂಬ ದಂಪತಿಗಳೊಡನೆ ಕರಾರು ಮಾಡಿಕೊಂಡು ನಾಟಕಶಾಲೆ ಕಟ್ಟಿಸಿದ. ಕೆಲವೇ ವರ್ಷಗಳಲ್ಲಿ ಸಾಲ ಅವನನ್ನು ಮುಳುಗಿಸಿತು. 1745ರಲ್ಲಿ ಆ ಕಟ್ಟಡ ಊರಿನ ನ್ಯಾಯಾಲಯಕ್ಕೆ ಹೋಯಿತು. ಮುಂದೆ ಅದೂ ಉಳಿಯಲಿಲ್ಲ. ಆದರೆ ಅಲ್ಲಿಯ ಜನ ಅದನ್ನು ದಿವಾಳಿಯ ಕಥೆಯೆಂದು ಮರೆಯಲಿಲ್ಲ. ಕರಾರು ಪತ್ರವನ್ನು ಓದಿದರು, ನೆಲ ಅಗೆದು ತಳಪಾಯ ಹುಡುಕಿದರು, ‘ನಮ್ಮ ದೇಶದ ಮೊದಲ ನಾಟಕಶಾಲೆ ಇಲ್ಲಿತ್ತು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾವೋ, ಅಗೆಯುವುದಿರಲಿ, ಬರೆದದ್ದನ್ನೂ ಹಿಂದಿರುಗಿಸುತ್ತೇವೆ!

ನಮ್ಮ ಭಾಗದ ಕಂಪನಿಗಳು ಬೇಗನೆ ಮುಚ್ಚಿದ್ದೇಕೆಂದು ಕೇಳಿದರೆ ಅವುಗಳ ಮೇಲಿನ ಗೌರವ ಹೆಚ್ಚೀತು. 1948ರ ಸೆಪ್ಟೆಂಬರಿನವರೆಗೆ ಶಹಾಪುರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಜನ ಸೇರುವುದಕ್ಕೇ ಪೂರ್ವಾನುಮತಿ ಬೇಡುತ್ತಿದ್ದ ‘ಗಸ್ತಿ 53’ ಎಂಬ ಸುತ್ತೋಲೆಯ ಸಂಸ್ಥಾನವದು. ಮೈಸೂರಿನಲ್ಲಿ ಅರಮನೆಯೇ ನಾಟಕಕ್ಕೆ ಆಶ್ರಯ ಕೊಟ್ಟಿತ್ತು. ಇಲ್ಲಿ ಆಶ್ರಯವೆಂದರೆ ಜೋಳದ ರಾಶಿಯ ಮೇಲೆ ಕಣ್ಣಿಟ್ಟ ಬಡ ಪ್ರೇಕ್ಷಕರು. ಮಳೆ ಕೈಕೊಟ್ಟರೆ ಗಲ್ಲಾ ಖಾಲಿ. ಪರದೆ, ಪೆಟ್ಟಿಗೆ, ಕಿರೀಟಗಳನ್ನು ಅಡವಿಟ್ಟು ಮಾಲೀಕ ಕೈಚೆಲ್ಲಬೇಕು. ಇಂಥ ನೆಲದಲ್ಲಿ ಎರಡು ವರ್ಷ ನಾಟಕವಾಡಿದ್ದು, ಅರಮನೆಯ ನೆರಳಿನಲ್ಲಿ ಇಪ್ಪತ್ತು ವರ್ಷ ಆಡಿದ್ದಕ್ಕಿಂತ ಕಡಿಮೆಯೇ?

‘ಕಂಪನಿ ನಾಟಕಗಳಲ್ಲಿ ಕೀಳು ಹಾಸ್ಯವಿತ್ತು, ಅತಿರೇಕವಿತ್ತು’ ಎನ್ನುವವರಿದ್ದಾರೆ. ಇತ್ತು, ಒಪ್ಪೋಣ. ಆದರೆ ಅಕ್ಷರವರಿಯದ ಒಕ್ಕಲಿಗನಿಗೆ ಕುರುಕ್ಷೇತ್ರದ ಧರ್ಮಸಂಕಟವನ್ನೂ, ವರದಕ್ಷಿಣೆಯ ಕ್ರೌರ್ಯವನ್ನೂ ಕನ್ನಡದಲ್ಲಿ ಮುಟ್ಟಿಸಿದ ಪಾಠಶಾಲೆಯೂ ಅದೇ ಆಗಿತ್ತು. ಹೊಟ್ಟಿನ ನೆಪ ಹೇಳಿ ಕಾಳನ್ನು ತೂರಿಬಿಡುವುದು ರೈತನ ಮಕ್ಕಳಿಗೆ ಶೋಭಿಸುವುದಿಲ್ಲ.

ಇದು ಹಳೆಯ ಕಾಲದ ಹಂಬಲವೆಂದು ತಿಳಿಯಬೇಡಿ. 2009ರ ಡಿಸೆಂಬರಿನಲ್ಲಿ ನಮಗೆ ಯಾದಗಿರಿ ಜಿಲ್ಲೆಯಾಯಿತು. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರು ಬಂತು. ಹೆಸರು ಬದಲಾದ ಮಾತ್ರಕ್ಕೆ ‘ಅವರಲ್ಲಿ ಏನಿತ್ತು?’ ಎಂಬ ತಾತ್ಸಾರ ಹೋಗುವುದಿಲ್ಲ. ಹೊರಗಿನವರು ಹಾಗೆ ಕೇಳಿದರೆ ಉತ್ತರಿಸಬಹುದು. ನಮ್ಮವರೇ ಕೇಳಿದರೆ ಮುಂದಿನ ಪೀಳಿಗೆ ಅದನ್ನೇ ಸತ್ಯವೆಂದು ಕಲಿಯುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ನಾಟಕದ ಕೈಪಿಡಿ, ಜಾಹೀರಾತಿನ ಚೀಟಿ, ಬಣ್ಣ ಹಚ್ಚಿದ ಅಜ್ಜನ ಭಾವಚಿತ್ರ ಇದ್ದರೆ ರದ್ದಿಗೆ ಹಾಕಬೇಡಿ. ಪೆಟ್ಟಿಗೆ ನುಡಿಸಿದವರು, ಸ್ತ್ರೀಪಾತ್ರ ಮಾಡಿದವರು, ಟಿಕೀಟು ಹರಿದವರು ನಿಮ್ಮ ಓಣಿಯಲ್ಲಿದ್ದರೆ ಒಂದು ಸಂಜೆ ಅವರೆದುರು ಕುಳಿತು ಕೇಳಿ. ಊರು, ವರ್ಷ, ನಾಟಕದ ಹೆಸರು, ಟಿಕೀಟಿನ ದರ ಇವಿಷ್ಟನ್ನು ಬರೆದುಕೊಳ್ಳಿ. ಸರಕಾರಿ ಹುದ್ದೆಯಲ್ಲಿರುವ ನನ್ನ ಶಿಷ್ಯರು ಅದಕ್ಕೊಂದು ಕಪಾಟನ್ನಾದರೂ ದೊರಕಿಸಿಕೊಡಿ. ಆ ಕಂಪನಿಗಳು ಮುಚ್ಚಿದ್ದು ಬಡತನದಿಂದ. ಅವುಗಳ ನೆನಪು ಅಳಿದರೆ ಅದಕ್ಕೆ ಬಡತನವನ್ನು ದೂರುವಂತಿಲ್ಲ; ಆ ಹೊಣೆ ಓದು ಬರಹ ಬಲ್ಲ ನಮ್ಮದೇ.