ಸ್ಕ್ಯಾನ್‌ನಲ್ಲಿ ಏನೂ ಇಲ್ಲವಂತೆ

ನಮ್ಮ ಭಾಷೆಯಲ್ಲಿ ತಲೆನೋವಿಗೆ ಮರ್ಯಾದೆ ಇಲ್ಲ. ಮಗನ ಫೀಸು ಒಂದು ತಲೆನೋವು, ಬಾಡಿಗೆಯವರು ಒಂದು ತಲೆನೋವು, ಹೇಳದೆ ಬರುವ ನೆಂಟರು ಒಂದು ತಲೆನೋವು, ಗಂಡಸರು ನಾಲ್ಕು ಜನ ಸೇರಿದರೆ ಹೆಂಡತಿಯೂ ಒಂದು ತಲೆನೋವು. ಹೀಗೆ ಆ ಪದ ಊರಿಗೆಲ್ಲ ಹಂಚಿಹೋದ ಮೇಲೆ, ನಿಜವಾಗಿ ತಲೆ ನೋಯುವವಳು ಬಾಯಿ ಬಿಟ್ಟರೆ ಕೇಳುವವರ ಕಿವಿಗೆ ಅದು ನೆಪದ ಹಾಗೆ ಬೀಳುತ್ತದೆ. ಕಾಲು ಮುರಿದವಳಿಗೆ ಪ್ಲಾಸ್ಟರ್ ಇದೆ. ಜ್ವರ ಬಂದವಳಿಗೆ ಥರ್ಮಾಮೀಟರ್ ಸಾಕ್ಷಿ ಹೇಳುತ್ತದೆ. ನನ್ನ ಪರವಾಗಿ ಸಾಕ್ಷಿ ಹೇಳಲು ಯಾರೂ ಇರಲಿಲ್ಲ. ಹಿಂದಲೆಯ ಬುಗುಟು ಕೂಡ ತುರುಬಿನೊಳಗೆ ಅಡಗಿತ್ತು.

ಬಿದ್ದದ್ದು 2022ರ ಮೇ ತಿಂಗಳಲ್ಲಿ. ಮದುವೆ ಮನೆಯಿಂದ ಬರುತ್ತಿದ್ದೆವು. ನಮ್ಮವರು ಮುಂದೆ, ಹೆಲ್ಮೆಟ್ ಹಾಕಿಕೊಂಡು. ನಾನು ಹಿಂದೆ, ರೇಷ್ಮೆ ಸೀರೆ, ಎರಡೂ ಕಾಲು ಒಂದೇ ಕಡೆ, ತೊಡೆಯ ಮೇಲೆ ತೆಂಗಿನಕಾಯಿ ಇದ್ದ ತಾಂಬೂಲದ ಚೀಲ. ನನ್ನ ಹೆಲ್ಮೆಟ್ ಮನೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಮಲ್ಲಿಗೆ ಮುಡಿದಿದ್ದೆ, ನಲುಗೀತೆಂದು ಬಿಟ್ಟು ಬಂದಿದ್ದೆ. ಬೆಳಿಗ್ಗೆ ಹೋಗುವಾಗ ಇಲ್ಲದ ಹಂಪ್ ಒಂದು ಸಂಜೆ ಬರುವಷ್ಟರಲ್ಲಿ ರಸ್ತೆಯಲ್ಲಿ ಹುಟ್ಟಿತ್ತು. ಬಿಳಿ ಬಣ್ಣವಿಲ್ಲ, ಫಲಕವಿಲ್ಲ. ಗಾಡಿ ಹಾರಿತು, ನಾನು ಹಿಂದಕ್ಕೆ ಉರುಳಿದೆ. ಪ್ರಜ್ಞೆ ತಪ್ಪಲಿಲ್ಲ. ಎದ್ದು ಕೂತು ಮೊದಲು ಸೆರಗು ಸರಿ ಮಾಡಿಕೊಂಡೆನಂತೆ, ಆಮೇಲೆ "ಕಾಯಿ ಒಡೆಯಿತಾ?" ಎಂದು ಮೂರು ಸಲ ಕೇಳಿದೆನಂತೆ. ಒಂದೇ ಪ್ರಶ್ನೆ ಮೂರು ಸಲ. ಅದೇ ಮೊದಲ ಲಕ್ಷಣವಾಗಿತ್ತು ಎಂದು ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಆ ದಿನ ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. "ನಾರ್ಮಲ್. ಏನೂ ಇಲ್ಲ. ಎರಡು ದಿನ ರೆಸ್ಟ್ ಮಾಡಿ" ಎಂದರು. ದೇವರಿಗೆ ತುಪ್ಪದ ದೀಪ ಹಚ್ಚಿದೆವು. ಹಚ್ಚಬೇಕಾದದ್ದೇ ಅನ್ನಿ, ರಕ್ತ ಸೋರಿಲ್ಲ, ಬುರುಡೆ ಸೀಳಿಲ್ಲ ಎಂಬುದು ಸಣ್ಣ ಮಾತಲ್ಲ. ಆದರೆ ಆ "ಏನೂ ಇಲ್ಲ" ಎಂಬ ಎರಡು ಪದ ನನ್ನನ್ನು ಕಾಡಿದಷ್ಟು ಆ ಹಂಪ್ ಕಾಡಲಿಲ್ಲ.

ನೋವು ಶುರುವಾದದ್ದು ಮೂರನೆಯ ದಿನ. ಹಿಂದಲೆಯಿಂದ ಹೊರಟು ಕಣ್ಣಿನ ಗುಡ್ಡೆಯ ಹಿಂದೆ ಬಂದು ಕೂರುತ್ತಿತ್ತು. ಟ್ಯೂಬ್‌ಲೈಟು ಸೂಜಿಯ ಹಾಗೆ. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುವುದು. ಕುಕ್ಕರಿನ ಸೀಟಿ, ಅಯ್ಯೋ, ಅದನ್ನು ಹೇಗೆ ಹೇಳಲಿ? ಮೂರು ಸೀಟಿಗೆ ಮೂರು ಸಲ ಯಾರೋ ಬುರುಡೆಯೊಳಗೆ ಮೊಳೆ ಹೊಡೆದ ಹಾಗೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಮ್ಮ. ಇಪ್ಪತ್ತೆರಡು ವರ್ಷ ಪುಸ್ತಕ ನೋಡದೆ ಪಾಠ ಮಾಡಿದವಳು. ಜೂನ್‌ನಲ್ಲಿ ತರಗತಿಗೆ ಹೋಗಿ ನಿಂತರೆ "ಸಮಾಸ" ಎಂಬ ಪದ ಬಾಯಿಗೆ ಬರಲಿಲ್ಲ. ಮಕ್ಕಳು ಮುಸಿಮುಸಿ ನಕ್ಕರು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಸ್ಕ್ಯಾನ್ ನಾರ್ಮಲ್ ಅಂದಿದ್ರಲ್ಲ? ವಯಸ್ಸು ಮೇಡಂ, ನಲವತ್ತೇಳಾದ ಮೇಲೆ ಹೆಂಗಸರಿಗೆ ಹೀಗೇ" ಎಂದರು. ಮನೆಯಲ್ಲಿ ಅತ್ತೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಯಾರಿಗೋ ಹೇಳುವವರ ಹಾಗೆ ನನಗೆ ಹೇಳಿದರು. ನಮ್ಮವರು ಕೆಟ್ಟವರಲ್ಲ. ಆದರೆ ಆ ರಿಪೋರ್ಟನ್ನು ಬೀರುವಿನಲ್ಲಿ ಎಲ್ಐಸಿ ಪಾಲಿಸಿಯ ಜೊತೆ ಇಟ್ಟಿದ್ದರು. ನಾನು ಹಣೆ ಹಿಡಿದಾಗಲೆಲ್ಲ ಅವರ ಕಣ್ಣು ಬೀರುವಿನ ಕಡೆ ಹೋಗುತ್ತಿತ್ತು.

ಆರು ತಿಂಗಳು ಕಳೆದ ಮೇಲೆ ಬೆಂಗಳೂರಿನಲ್ಲಿ ನರರೋಗದ ವೈದ್ಯೆಯೊಬ್ಬರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಮೊದಲ ದಿನವೇ ಹೇಳಬಹುದಿತ್ತು. ಅದಕ್ಕೆ ಎರಡು ನಿಮಿಷ ಸಾಕು. ಮೊಸರು ತುಂಬಿದ ಪಾತ್ರೆಯನ್ನು ಕುಕ್ಕಿದರೆ ಪಾತ್ರೆ ಒಡೆಯದಿದ್ದರೂ ಮೊಸರು ಅಲುಗುತ್ತದೆ. ಮಿದುಳು ಹಾಗೆ ಅಲುಗಿದಾಗ ನರದ ಎಳೆಗಳು ಜಗ್ಗುತ್ತವೆ, ಜೀವಕೋಶಗಳ ಒಳಹೊರಗಿನ ಲವಣಗಳ ಲೆಕ್ಕ ತಪ್ಪುತ್ತದೆ, ಅದನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಶಕ್ತಿ ಬೇಕು, ಆದರೆ ಆ ಹೊತ್ತಿಗೆ ಶಕ್ತಿಯೇ ಕಡಿಮೆ. ಇದಕ್ಕೆ ಕನ್‌ಕಶನ್ ಎಂದು ಹೆಸರು. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಬಹುಪಾಲು ಜನರಿಗೆ ತಪ್ಪುವುದೇ ಇಲ್ಲ. ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು. ಈ ಏರುಪೇರು ಅದರ ಕಣ್ಣಿಗೆ ಬೀಳುವುದಿಲ್ಲ. ಮನೆಯ ಫೋಟೋ ತೆಗೆದು ಒಳಗೆ ವೋಲ್ಟೇಜ್ ಎಷ್ಟಿದೆ ಎಂದು ಹೇಳಲಾದೀತೇ? ಫೋಟೋ ಚೆನ್ನಾಗಿ ಬಂದಿದೆ, ಆದ್ದರಿಂದ ನಿಮ್ಮ ಮನೆಯಲ್ಲಿ ಕರೆಂಟು ಸರಿಯಾಗಿದೆ ಎಂದು ಲೈನ್‌ಮನ್ ಹೇಳಿದರೆ ನೀವು ಒಪ್ಪುತ್ತೀರಾ?

ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೆಲವರಿಗೆ ಇಳಿಯುವುದಿಲ್ಲ. ಪೆಟ್ಟು ಬಿದ್ದ ಏಳು ದಿನದೊಳಗೆ ಶುರುವಾದ ತಲೆನೋವು ಮೂರು ತಿಂಗಳು ದಾಟಿದರೆ ಅದಕ್ಕೆ ವೈದ್ಯರ ಪಟ್ಟಿಯಲ್ಲೇ ಒಂದು ಹೆಸರಿದೆ, ಅದು ಹೆಂಗಸರ ಕಲ್ಪನೆಯಲ್ಲ. ಗಂಡಸರಿಗಿಂತ ನಮಗೆ ಇದು ಹೆಚ್ಚು ದಿನ ಕಾಡುತ್ತದೆಂದು ಹಲವು ಅಧ್ಯಯನಗಳಲ್ಲಿ ಕಂಡಿದೆಯಂತೆ. ಹಾಗಾದರೆ "ಹೆಂಗಸರಿಗೆ ಹೀಗೇ" ಎಂದ ಆ ಸ್ಟಾಫ್ ರೂಮಿನ ಪಂಡಿತರ ಮಾತು ನಿಜವೇ ಆಯಿತಲ್ಲ ಎನ್ನಬೇಡಿ. ಹೆಚ್ಚು ಕಾಡುತ್ತದೆ ಎಂದರೆ ಹೆಚ್ಚು ನೋಡಿಕೊಳ್ಳಬೇಕು ಎಂದರ್ಥ. ಅವರು ಹೇಳಿದ್ದು ನೋಡಿಕೊಳ್ಳುವುದೇ ಬೇಡ ಎಂದು.

ವೈದ್ಯರ ಮೇಲೆ ನನಗೆ ಸಿಟ್ಟಿದೆ, ಆದರೆ ಅವರ ಹೊರಗೆ ನಿಂತ ಸಾಲನ್ನೂ ನೋಡಿದ್ದೇನೆ. ನಾನು ಕೇಳುವುದು ಹೆಚ್ಚಿನ ಪರೀಕ್ಷೆಯನ್ನಲ್ಲ, ಒಂದು ವಾಕ್ಯವನ್ನು. "ಏನೂ ಇಲ್ಲ" ಎನ್ನುವ ಬದಲು "ರಕ್ತ ಸೋರಿಲ್ಲ, ಆದರೆ ಮಿದುಳು ಅಲುಗಿದೆ, ಕೆಲವು ವಾರ ಹೀಗಾಗಬಹುದು" ಎನ್ನಿ. ಆ ವಾಕ್ಯವನ್ನು ರೋಗಿಗಲ್ಲ, ಅವಳ ಜೊತೆ ಬಂದ ಗಂಡನಿಗೆ, ಅತ್ತೆಗೆ ಕೇಳುವ ಹಾಗೆ ಹೇಳಿ. ನಮ್ಮ ಊರುಗಳಲ್ಲಿ ವೈದ್ಯರ ಒಂದು ಮಾತು ಸೊಸೆಯ ನೂರು ಮಾತಿಗೆ ಸಮ.

ಇನ್ನು ರೆಸ್ಟ್. ನಮ್ಮ ಮನೆಗಳಲ್ಲಿ ವಿಶ್ರಾಂತಿಗೆ ಎರಡೇ ರೂಪ. ಒಂದು ಬಾಣಂತಿಯ ಹಾಗೆ ಕೋಣೆಯಲ್ಲಿ ಮಲಗುವುದು, ಇನ್ನೊಂದು ಎದ್ದು ಎಲ್ಲವನ್ನೂ ಮಾಡುವುದು. ನಡುವೆ ಏನಿಲ್ಲ. ಆದರೆ ಈ ಪೆಟ್ಟಿಗೆ ಬೇಕಾದದ್ದೇ ಆ ನಡುವಿನದು. ಮೊದಲೆಲ್ಲ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿ ಎನ್ನುತ್ತಿದ್ದರು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು, ಆಟಗಾರರ ವಿಷಯವಾಗಿ ಚರ್ಚಿಸುತ್ತ, ಹಾಗೆ ಪೂರ್ತಿ ಮಲಗುವುದು ಬೇಡವೆಂದಿದ್ದಾರೆ. ಒಂದೆರಡು ದಿನ ಹಗುರಾಗಿ ಇರಬೇಕು, ಫೋನು ಟೀವಿ ಕಡಿಮೆ ಮಾಡಬೇಕು, ಆಮೇಲೆ ನಡಿಗೆಯಿಂದ ಶುರುಮಾಡಿ ನೋವು ಕೆರಳದಷ್ಟು ಮಾತ್ರ ದಿನದಿನಕ್ಕೆ ಹೆಚ್ಚಿಸುತ್ತ ಹೋಗಬೇಕು. ಆಟಗಾರನಿಗೆ ಇದನ್ನು ಲೆಕ್ಕ ಹಾಕಿ ಕೊಡಲು ಕೋಚ್ ಇರುತ್ತಾನೆ. ನಮಗೆ? ಅರ್ಧ ಅಡುಗೆ ಮಾಡಿ ಏಳಲಾಗುತ್ತದೆಯೇ? ಕಾಲು ಭಾಗ ಬಟ್ಟೆ ಒಗೆದರೆ ಉಳಿದ ಮುಕ್ಕಾಲನ್ನು ಯಾರು ಒಗೆಯುತ್ತಾರೆ? ಕ್ರಿಕೆಟ್ಟಿನಲ್ಲಿ ತಲೆಗೆ ಚೆಂಡು ಬಡಿದು ಕನ್‌ಕಶನ್ ಆದವನ ಬದಲಿಗೆ ಇನ್ನೊಬ್ಬ ಇಳಿಯಬಹುದು ಎಂಬ ನಿಯಮ 2019ರಿಂದ ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಂದಿದೆ. ನಮ್ಮವರು ಅದನ್ನು ಟೀವಿಯಲ್ಲಿ ನೋಡಿ "ಒಳ್ಳೆ ರೂಲ್" ಎಂದು ತಲೆದೂಗಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದ್ದೇನೆ.

ಈಗ ನನ್ನ ತಪ್ಪು. ಮನೆಯಲ್ಲಿ ನಂಬದಿದ್ದರೆ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ಮೆಡಿಕಲ್ ಶಾಪಿಗೆ. ಹಳದಿ ಮುಲಾಮು ಮುಗಿಯಿತು, ಮಾತ್ರೆ ಶುರುವಾಯಿತು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಂದು, ಸಂಜೆ ಬಂದು ಒಲೆ ಹಚ್ಚುವ ಮುಂಚೆ ಒಂದು. ಐದು ತಿಂಗಳು. ಬೆಂಗಳೂರಿನ ವೈದ್ಯೆ ಮೊದಲು ಕೇಳಿದ್ದೇ "ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಗೋತೀರಿ?" ಎಂದು. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ ಹದಿನೈದು ದಿನ, ಎರಡು ಮೂರು ಔಷಧಿ ಬೆರೆತ ಮಾತ್ರೆಯನ್ನು ಹತ್ತು ದಿನ, ಹೀಗೆ ಮೂರು ತಿಂಗಳ ಮೇಲೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ನಾನು ನುಂಗುತ್ತಿದ್ದದ್ದು ತಿಂಗಳಿಗೆ ಮೂವತ್ತೂ ದಿನ! ಅದನ್ನು ಬಿಡಿಸಿದ ಮೊದಲ ಹತ್ತು ದಿನ ನನ್ನ ಶತ್ರುವಿಗೂ ಬೇಡ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬೆಳಕು ಬೆಳಕಾಗಿ ಕಂಡಿತು.

ಅವರು ರಾತ್ರಿಗೆ ಬೇರೆ ಮಾತ್ರೆ ಬರೆದುಕೊಟ್ಟರು, ಅಮಿಟ್ರಿಪ್ಟಿಲಿನ್, ಬಹಳ ಸಣ್ಣ ಪ್ರಮಾಣ. ಕುತ್ತಿಗೆಗೆ ವ್ಯಾಯಾಮ ಹೇಳಿಕೊಟ್ಟರು, ತಲೆಗೆ ಬಿದ್ದ ಪೆಟ್ಟು ಕುತ್ತಿಗೆಯನ್ನೂ ಬಿಟ್ಟಿರುವುದಿಲ್ಲ. ಆ ಮಾತ್ರೆ ಹಳೆಯ ಕಾಲದಿಂದ ಖಿನ್ನತೆಗೆ ಕೊಡುವಂಥದು, ಸಣ್ಣ ಪ್ರಮಾಣದಲ್ಲಿ ತಲೆನೋವು ತಡೆಯಲು ಕೊಡುತ್ತಾರೆ. ನಾದಿನಿ ಮೊಬೈಲಿನಲ್ಲಿ ಹೆಸರು ಹುಡುಕಿ ಮೊದಲ ಸಾಲು ಮಾತ್ರ ಓದಿದಳು. ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ, ಟೀಚರಮ್ಮನಿಗೆ ತಲೆ ಸರಿ ಇಲ್ಲ. ಆರು ತಿಂಗಳಿಂದ ನಾನು ಹೇಳುತ್ತಿದ್ದದ್ದೂ ಅದನ್ನೇ ಅಲ್ಲವೇ, ತಲೆ ಸರಿ ಇಲ್ಲವೆಂದು? ಆಗ ಯಾರೂ ನಂಬಿರಲಿಲ್ಲ.

ಆ ವೈದ್ಯೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಾಕೆ ಕೂತಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು. ವರ್ಷದಲ್ಲಿ ಮೂರನೆಯ ಸಲವಂತೆ. ಗಂಡ ನೀರಿನ ಬಾಟಲಿ ತರಲು ಹೋದಾಗ, "ನಮ್ಮ ಬಚ್ಚಲಿಗೆ ಕೈಕಾಲು ಬಂದಿದೆ ಅಕ್ಕ" ಎಂದಳು. ನಾನು ಏನೂ ಹೇಳಲಾಗದೆ ಅವಳ ಕೈ ಹಿಡಿದುಕೊಂಡೆ, ಅವನು ಬಂದ, ಬಿಟ್ಟೆ. ಒಂದು ಪೆಟ್ಟು ಮಾಯುವ ಮುಂಚೆ ಇನ್ನೊಂದು ಬಿದ್ದರೆ ಮಿದುಳಿಗೆ ಇನ್ನೂ ಕೆಡುಕು ಎಂದು ನನಗೆ ಒಳಗೆ ಹೋದ ಮೇಲೆ ತಿಳಿಯಿತು. ಕೌಟುಂಬಿಕ ದೌರ್ಜನ್ಯದ ಕಾನೂನು 2005ರಲ್ಲೇ ಬಂದಿದೆ, 181 ಎಂಬ ಸಹಾಯವಾಣಿ ಇದೆ. ಆ ಬೆಂಚಿನ ಮೇಲೆ ಎರಡೂ ನನ್ನ ನೆನಪಿಗೆ ಬರಲಿಲ್ಲ. ನನ್ನ ಮರೆವಿಗೆ ಹಂಪನ್ನು ಬೈಯಬಹುದು, ಆದರೆ ಇದಕ್ಕೆ ಹಂಪ್ ಕಾರಣವಲ್ಲ, ನನ್ನ ಹೆದರಿಕೆ ಕಾರಣ. ತಲೆಗೆ ಪೆಟ್ಟಾಗಿ ಬಂದ ಹೆಂಗಸನ್ನು ಒಂದು ನಿಮಿಷ ಒಂಟಿಯಾಗಿ ಕೂರಿಸಿ ಮಾತಾಡಿಸುವ ಪದ್ಧತಿ ಎಲ್ಲ ಕಡೆ ಯಾಕಿಲ್ಲ?

ಹೆಲ್ಮೆಟ್ಟಿನ ಮಾತು ಬಿಟ್ಟರೆ ನನ್ನ ವಾದ ಅರ್ಧವಾದೀತು. 1989ರ ಮೋಟಾರು ವಾಹನ ನಿಯಮಗಳಲ್ಲಿ, ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಚಕ್ರದ ಅರ್ಧವನ್ನಾದರೂ ಮುಚ್ಚಬೇಕೆಂದಿದೆ. ಅದಕ್ಕೇ ನಮ್ಮ ಬೈಕುಗಳಿಗೆ ಸೀರೆ ಗಾರ್ಡು ಇರುವುದು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೆಂದು 1988ರ ಕಾಯಿದೆಯಲ್ಲೇ ಇತ್ತು. ನಮ್ಮ ರಾಜ್ಯದಲ್ಲಿ ಅದನ್ನು ಕಡ್ಡಾಯವೆಂದು ಜಾರಿಗೆ ತರಲು ಹೊರಟದ್ದು 2016ರ ಜನವರಿಯಲ್ಲಿ. ಸೆರಗಿಗೆ ಸಿಕ್ಕ ಕಾವಲು ತಲೆಗೆ ಸಿಗಲು ಅಷ್ಟು ವರ್ಷ ಬೇಕಾಯಿತು. ಆಗಲೂ ಗೊಣಗಿದವರಲ್ಲಿ ನಾನೂ ಒಬ್ಬಳು. ತುರುಬು ಕೆಡುತ್ತದೆ, ಬೆವರುತ್ತದೆ, ಹತ್ತಿರದ ಸಂತೆಗೆ ಯಾಕೆ ಎಂದು. ಹೆಲ್ಮೆಟ್ ಮಿದುಳು ಅಲುಗುವುದನ್ನು ಪೂರ್ತಿ ತಡೆಯಲಾರದು, ನಿಜ. ಆದರೂ ಬೈಕಿನವರ ತಲೆಪೆಟ್ಟಿನ ಅಪಾಯ ಅದರಿಂದ ಸುಮಾರು ಶೇಕಡ 69ರಷ್ಟು, ಸಾವಿನ ಅಪಾಯ ಶೇಕಡ 42ರಷ್ಟು ಕಡಿಮೆಯಾಗುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಹೇಳುತ್ತದೆ. ಒಂದು ಮೊಳ ಮಲ್ಲಿಗೆಯ ಬೆಲೆ ನಿಮಗೂ ಗೊತ್ತು.

ಒಂದು ಮಾತು ಹೇಳಲೇಬೇಕು, ಹೇಳದಿದ್ದರೆ ಇಷ್ಟು ಹೊತ್ತು ಬೇರೆಯವರನ್ನು ಬೈದದ್ದು ನ್ಯಾಯವಾಗದು. ಬಹಳ ವರ್ಷದ ಹಿಂದೆ ನನ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಖೋಖೋ ಆಡುವಾಗ ಕಂಬಕ್ಕೆ ತಲೆ ಬಡಿದುಕೊಂಡಳು. ರಕ್ತ ಬರಲಿಲ್ಲ. ಆಮೇಲೆ ತಿಂಗಳಾನುಗಟ್ಟಲೆ ತಲೆನೋವು ಅನ್ನುತ್ತಿದ್ದಳು, ಬೋರ್ಡು ನೋಡಲಾಗುವುದಿಲ್ಲ ಅನ್ನುತ್ತಿದ್ದಳು. ಪರೀಕ್ಷೆ ಬಂದಾಗ ಎಲ್ಲರಿಗೂ ತಲೆನೋವು ಬರುತ್ತದೆ ಎಂದು ಇಡೀ ತರಗತಿಯ ಮುಂದೆ ಹೇಳಿದವಳು ನಾನು. ಅವಳನ್ನು ಬಿಸಿಲಿನ ಕಡೆಯ ಕಿಟಕಿಯ ಪಕ್ಕ ಕೂರಿಸಿದವಳೂ ನಾನೇ, ನಿದ್ದೆ ಮಾಡದಿರಲಿ ಎಂದು. ಆ ವರ್ಷ ಅವಳು ಶಾಲೆ ಬಿಟ್ಟಳು. ಬೇರೆ ಕಾರಣಗಳೂ ಇದ್ದವು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಈಗ ನನಗೆ ವಾರಕ್ಕೆ ಎರಡು ದಿನ ನೋವು ಬರುತ್ತದೆ, ಮೊದಲಿನಂತೆ ಏಳು ದಿನವಲ್ಲ. ಕುಕ್ಕರ್ ಇಡುವ ಕೆಲಸ ನಮ್ಮವರದು. ಕಳೆದ ಬೇಸಿಗೆಯಲ್ಲಿ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಬರೆದೆ: ತಲೆಗೆ ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲಿನ ಸೋಲು, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಓಡಿ. ಇವು ಇಲ್ಲದೆ ಬರೀ ತಲೆನೋವು, ಮರೆವು, ಬೆಳಕು ಸದ್ದು ಸಹಿಸದಿರುವುದು ಇದ್ದರೆ ಅದೂ ಪೆಟ್ಟಿನದೇ, ನಟನೆಯಲ್ಲ, ಮೂರು ತಿಂಗಳು ದಾಟಿದರೆ ನರರೋಗದವರಿಗೆ ತೋರಿಸಿ, ಮಾತ್ರೆ ಎಣಿಸಿ ತಗೊಳ್ಳಿ. ಆ ವೈದ್ಯೆಗೆ ಕಳಿಸಿ ಸರಿಯಿದೆಯೆಂದು ಒಪ್ಪಿಸಿಕೊಂಡು, ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ ನನಗೆ ಸ್ಕ್ಯಾನ್ ಮಾಡಿದ ಆಸ್ಪತ್ರೆಗೆ ಕೊಟ್ಟು ಬಂದೆ. ಗೋಡೆಗೆ ಹಚ್ಚುತ್ತೇವೆ ಎಂದರು, ಇನ್ನೂ ಹಚ್ಚಿಲ್ಲ. ನನಗೆ ಐದು ತಿಂಗಳು ಮಾತ್ರೆ ಮಾರಿದ ಮೆಡಿಕಲ್ ಶಾಪಿನ ಹುಡುಗ ಮಾತ್ರ ಒಂದು ಪ್ರತಿ ಇಸಿದುಕೊಂಡು ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದಾನೆ.