ತಂತ್ರಾಂಶದ ಕೆಳಗೇನಿದೆ ಎಂಬುದನ್ನೂ ವಾಣಿಜ್ಯ ವಿದ್ಯಾರ್ಥಿ ಅರಿಯಲಿ

ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆಯೂ ಉಳಿಯತಕ್ಕದ್ದೆಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ದಾಖಲೆ ವರ್ಷವಿಡೀ ಚಾಲನೆಯಲ್ಲಿತ್ತೇ, ಅದನ್ನು ಯಾರಾದರೂ ತಿರುಚಿರುವರೇ ಎಂಬುದನ್ನು ಲೆಕ್ಕಪರಿಶೋಧಕನು ವರದಿ ಮಾಡಬೇಕು. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡರೂ, ಕೆಳಗಿನ ಡೇಟಾಬೇಸನ್ನು ನೇರವಾಗಿ ತೆರೆದು ಅಂಕಿ ಬದಲಿಸಲು ಸಾಧ್ಯವುಂಟು. ಬಿ.ಕಾಂ. ಓದುವಾಗ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಯಾದಗಿರಿಯ ಬೇಳೆ ಗಿರಣಿಗೋ ಶಹಾಪುರ, ಸುರಪುರಗಳ ಹತ್ತಿ ವ್ಯಾಪಾರಕ್ಕೋ ಲೆಕ್ಕ ಬರೆಯಲು ಬರುವ ತರುಣರು ಟ್ಯಾಲಿಯನ್ನು ಚೆನ್ನಾಗಿಯೇ ಬಲ್ಲರು. ನಮೂದಿನ ನಡುವೆ ಕರೆಂಟು ಹೋದರೆ ಕಡತದ ಗತಿಯೇನು, ಯಾರ ಪಾಸ್‌ವರ್ಡಿಗೆ ಎಷ್ಟು ಅಧಿಕಾರ ಎಂದರೆ ನಿರುತ್ತರರಾಗುತ್ತಾರೆ. ರಾಜ್ಯದ ಪದವಿ ತರಗತಿಗಳಿಗೆ 2021-22ರಲ್ಲಿ ಬಂದ 'ಡಿಜಿಟಲ್ ಫ್ಲೂಯೆನ್ಸಿ' ವಿಷಯವು ಕೃತಕ ಬುದ್ಧಿಮತ್ತೆ ಮೊದಲಾದವುಗಳ ಪರಿಚಯ ಮಾಡಿಸಿತು, ತಳಪಾಯವನ್ನು ಮುಟ್ಟಲಿಲ್ಲ.

ಇದು ಎಂಜಿನಿಯರುಗಳ ವಿದ್ಯೆ, ನಮಗೇಕೆ ಎನ್ನುವ ಸದಸ್ಯರಿದ್ದಾರೆ. ತಕ್ಕಡಿ ಮಾಡಲು ಬಾರದ ವರ್ತಕನೂ ತೂಕದ ಮೋಸವನ್ನು ಹಿಡಿಯಬಲ್ಲನಲ್ಲವೇ? ಸಿ ಭಾಷೆಯಲ್ಲಿ ಪುಟ್ಟ ಖಾತೆಯೊಂದನ್ನು ತಾವೇ ರಚಿಸಿ, ನಡುವೆ ಯಂತ್ರ ನಿಲ್ಲಿಸಿ, ಉಳಿದದ್ದೆಷ್ಟೆಂದು ನೋಡುವ ಒಂದು ಸೆಮಿಸ್ಟರಿನ ಪಾಠ ಸಾಕು. ನಮ್ಮ ಸಂಸ್ಥೆಯು ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಈ ಕುರಿತು ಮನವಿ ಸಲ್ಲಿಸಬೇಕು. ಕರಡನ್ನು ಸಿದ್ಧಪಡಿಸಿಕೊಡಲು ನಾನು ಒಪ್ಪಿದ್ದೇನೆ.