ತಲೆಪೆಟ್ಟಿನ ನಂತರದ ನಡುಕ ಮತ್ತು ವಿದ್ಯುತ್ ಚಿಕಿತ್ಸೆ

ತಲೆಗೆ ಬಲವಾದ ಪೆಟ್ಟು ಬಿದ್ದು, ಪ್ರಾಣಾಪಾಯದಿಂದ ಪಾರಾಗಿ ಮನೆಗೆ ಮರಳಿದವರಲ್ಲಿ ಕೆಲವರಿಗೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೊಸದೊಂದು ತೊಂದರೆ ತಲೆದೋರುತ್ತದೆ. ನೀರಿನ ಲೋಟವನ್ನು ತುಟಿಯ ಬಳಿಗೆ ತರುವಷ್ಟರಲ್ಲಿ ಕೈ ನಡುಗಿ ಅರ್ಧ ನೀರು ಚೆಲ್ಲುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ. ನಡೆಯುವಾಗ ಹೆಜ್ಜೆ ಓಲಾಡುತ್ತದೆ. ಗಾಯ ಮಾಯಿತು, ಹೊಲಿಗೆ ಬಿಚ್ಚಿದ್ದೂ ಆಯಿತು, ಇನ್ನು ಚಿಂತೆಯಿಲ್ಲ ಎಂದುಕೊಂಡಿದ್ದ ಮನೆಯವರಿಗೆ ಇದು ಎರಡನೆಯ ಆಘಾತ. ಇಂತಹ ಹೊತ್ತಿನಲ್ಲಿ, ‘ಕರೆಂಟ್ ಕೊಡಿಸಿದರೆ ನರಗಳು ಮತ್ತೆ ಚುರುಕಾಗುತ್ತವೆ’ ಎಂಬ ಸಲಹೆ ಯಾವುದಾದರೊಂದು ದಿಕ್ಕಿನಿಂದ ಬಂದೇ ಬರುತ್ತದೆ. ಸಾಲ ಮಾಡಿಯಾದರೂ ಯಂತ್ರವನ್ನು ಕೊಳ್ಳಲು ಮನಸ್ಸು ಸಿದ್ಧವಾಗುತ್ತದೆ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಲೇಸು. ತಲೆಪೆಟ್ಟಿನಿಂದ ಬಂದ ನಡುಕಕ್ಕೆ, ಚರ್ಮದ ಮೇಲೆ ಪಟ್ಟಿ ಅಂಟಿಸಿ ಕೊಡುವ ವಿದ್ಯುತ್ತು ಇಂದಿಗೂ ಸಿದ್ಧಗೊಂಡ ಚಿಕಿತ್ಸೆಯಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಅದನ್ನು ಪ್ರಯತ್ನಿಸಿ ನೋಡುವುದೇ ತಪ್ಪೆಂದು ಹೇಳಲಾಗದು. ಆದರೆ ತಪಾಸಣೆಯನ್ನೂ ವ್ಯಾಯಾಮವನ್ನೂ ಬದಿಗೆ ಸರಿಸಿ ಯಂತ್ರವನ್ನೇ ನಂಬಿ ಕೂರುವುದು ಮಾತ್ರ ರೋಗಿಗೆ ಮಾಡುವ ಅನ್ಯಾಯ.

ಮೊದಲು ನಡುಕದ ಮೂಲವನ್ನು ಅರಿಯೋಣ. ವೇಗವಾಗಿ ಸಾಗುತ್ತಿದ್ದ ವಾಹನ ಥಟ್ಟನೆ ನಿಂತಾಗ ಅಥವಾ ದೇಹ ನೆಲಕ್ಕೆ ಅಪ್ಪಳಿಸಿದಾಗ, ತಲೆಬುರುಡೆಯೊಳಗಿನ ಮೆದುಳು ತಿರುಚಿದಂತಾಗಿ ಅದರ ಸೂಕ್ಷ್ಮ ತಂತುಗಳು ಎಳೆತಕ್ಕೆ ಸಿಕ್ಕಿ ಹರಿಯುತ್ತವೆ. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನಿಂದ ನಡುಮೆದುಳಿನ ಮೂಲಕ ಥಲಾಮಸ್ ಎಂಬ ಕೇಂದ್ರಕ್ಕೆ ಸಾಗುವ ತಂತುಗಳು ನಮ್ಮ ಚಲನೆಗೆ ಹದ ನೀಡುತ್ತವೆ. ಈ ದಾರಿಗೆ ಧಕ್ಕೆಯಾದಾಗ ಕೈ ಗುರಿಯ ಸಮೀಪಕ್ಕೆ ಬಂದಂತೆಲ್ಲ ಹೆಚ್ಚು ನಡುಗುತ್ತದೆ. ದೋಷ ಇರುವುದು ಮೆದುಳಿನ ಆಳದಲ್ಲಿ, ಕೈಯ ನರದಲ್ಲಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕೈಗೆ ಕೊಟ್ಟ ವಿದ್ಯುತ್ತು ಆಳದಲ್ಲಿ ಹರಿದ ತಂತುಗಳನ್ನು ಬೆಸೆಯಲಾರದು.

ವಿದ್ಯುತ್ತಿನ ಮೇಲಿನ ಜನರ ನಂಬಿಕೆ ಇಂದು ನಿನ್ನೆಯದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ವಿದ್ಯುತ್ ಸೂಸುವ ಮೀನನ್ನು ತಲೆನೋವಿಗೂ ಸಂಧಿವಾತಕ್ಕೂ ಬಳಸಬಹುದೆಂದು ಬರೆದಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಯುರೋಪು ಮತ್ತು ಅಮೆರಿಕಗಳಲ್ಲಿ ಸಕಲ ನರರೋಗಗಳಿಗೂ ಮದ್ದೆಂದು ಸಾರುತ್ತ ವಿದ್ಯುತ್ ಪಟ್ಟಿಗಳನ್ನು ಮಾರಿದವರಿದ್ದರು. ನರಗಳು ವಿದ್ಯುತ್ ಸಂಕೇತಗಳ ಮೂಲಕವೇ ಕೆಲಸ ಮಾಡುತ್ತವೆ ಎಂಬುದು ಸತ್ಯವಾದ್ದರಿಂದ, ವಿದ್ಯುತ್ತು ಎಲ್ಲ ನರದೋಷವನ್ನೂ ನೀಗಿಸುತ್ತದೆ ಎಂಬ ಮಾತೂ ಸತ್ಯದಂತೆಯೇ ತೋರುತ್ತದೆ.

ಆದರೆ ‘ಕರೆಂಟ್ ಚಿಕಿತ್ಸೆ’ ಎಂಬ ಒಂದೇ ಹೆಸರಿನಡಿ ಹಲವು ಬೇರೆಬೇರೆ ವಿಧಾನಗಳಿವೆ. ಚರ್ಮದ ಮೇಲೆ ಜುಮುಗುಟ್ಟಿಸುವ ಟೆನ್ಸ್ ಯಂತ್ರ ನೋವಿನ ಶಮನಕ್ಕಾಗಿ ಬಳಕೆಯಲ್ಲಿದೆ. ನಡೆಯುವಾಗ ಪಾದ ಮೇಲೇಳದೆ ಎಳೆದಾಡುವವರಿಗೆ, ಆ ಸ್ನಾಯುವನ್ನು ಪ್ರಚೋದಿಸುವ ಇನ್ನೊಂದು ವಿಧಾನ ನಿಜವಾಗಿಯೂ ನೆರವಾಗುತ್ತದೆ. ನೆತ್ತಿಯ ಮೇಲೆ ಸಾಮಾನ್ಯವಾಗಿ 1ರಿಂದ 2 ಮಿಲಿ ಆಂಪಿಯರ್‌ಗಳಷ್ಟು ಮೆಲುವಿದ್ಯುತ್ತನ್ನು ಹರಿಸುವ ಮತ್ತೊಂದು ವಿಧಾನ ಇನ್ನೂ ಸಂಶೋಧನೆಯ ವಿಷಯವಾಗಿದೆ. ಮಣಿಕಟ್ಟಿಗೆ ಕಟ್ಟುವ ಒಂದು ಸಾಧನಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಆದರೆ ಅದು ವಂಶಪಾರಂಪರ್ಯವಾಗಿ ಬರಬಹುದಾದ, ‘ಎಸೆನ್ಶಿಯಲ್ ಟ್ರೆಮರ್’ ಎಂಬ ಬೇರೊಂದು ನಡುಕಕ್ಕೆ ಮಾತ್ರ. ಒಂದು ರೋಗಕ್ಕೆ ದೊರೆತ ಮನ್ನಣೆಯನ್ನು ತೋರಿಸಿ ಇನ್ನೊಂದು ರೋಗಕ್ಕೆ ಯಂತ್ರ ಮಾರುವುದು ಸರಿಯಲ್ಲ.

ಮೆದುಳಿನ ಆಳಕ್ಕೆ ವಿದ್ಯುತ್ತನ್ನು ತಲುಪಿಸುವ ಚಿಕಿತ್ಸೆಯೂ ಇದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಡಾ. ಅಲಿಮ್ ಲೂಯಿ ಬೆನಾಬಿದ್ ಮತ್ತು ಸಂಗಡಿಗರು ಥಲಾಮಸ್‌ಗೆ ತಂತಿಯಿಳಿಸಿ ನಿರಂತರ ವಿದ್ಯುತ್ ಪ್ರಚೋದನೆಯಿಂದ ನಡುಕವನ್ನು ತಗ್ಗಿಸಿದರು. ಅದು ಬುರುಡೆಗೆ ರಂಧ್ರ ಕೊರೆದು ಮಾಡುವ ಶಸ್ತ್ರಚಿಕಿತ್ಸೆ. ತಲೆಪೆಟ್ಟಿನ ನಡುಕದಲ್ಲಿ ಅದರ ಫಲಿತಾಂಶ ಎಲ್ಲರಿಗೂ ಒಂದೇ ತೆರನಾಗಿಲ್ಲವಾದ್ದರಿಂದ, ಆಯ್ದ ಕೆಲವರಿಗೆ ಮಾತ್ರ ಅದನ್ನು ಸೂಚಿಸುತ್ತಾರೆ. ಅದರ ಕೀರ್ತಿ ಅಂಗಡಿಯಲ್ಲಿ ದೊರೆಯುವ ಪಟ್ಟಿಗಳಿಗೆ ಸಲ್ಲತಕ್ಕದ್ದಲ್ಲ.

ಇಲ್ಲಿ ಒಂದು ಪರೀಕ್ಷೆಯ ಕಥೆ ಅರಿಯತಕ್ಕದ್ದಾಗಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ‘ಪಾನ್ಸ್’ ಎಂಬ ಸಾಧನ ರೂಪುಗೊಂಡಿತು. ಅದನ್ನು ನಾಲಗೆಯ ಮೇಲಿಟ್ಟು, ಮೃದುವಾದ ವಿದ್ಯುತ್ ಹರಿಯುತ್ತಿರುವಾಗಲೇ ಸಮತೋಲನದ ವ್ಯಾಯಾಮ ಮಾಡಿಸುತ್ತಾರೆ. ತಲೆಪೆಟ್ಟಾಗಿ ವರ್ಷ ಕಳೆದರೂ ಸಮತೋಲನ ಮರಳದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ಣ ಪ್ರಚೋದನೆಯನ್ನೂ ಇನ್ನೊಂದಕ್ಕೆ ಅತ್ಯಲ್ಪ ಪ್ರಚೋದನೆಯನ್ನೂ ಕೊಟ್ಟರು. ವ್ಯಾಯಾಮ ಇಬ್ಬರಿಗೂ ಒಂದೇ ಆಗಿತ್ತು. ಎರಡೂ ಗುಂಪುಗಳು ಸುಧಾರಿಸಿದವು. ಅವುಗಳ ನಡುವಿನ ಅಂತರವು ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಅಲ್ಪ ಪ್ರಚೋದನೆಯೂ ಫಲ ಕೊಟ್ಟಿರಬಹುದೆಂಬ ವಾದವಿದೆ. ಆದರೆ ಯಂತ್ರದ ಗುಣವನ್ನು ವ್ಯಾಯಾಮದ ಗುಣದಿಂದ ಬೇರ್ಪಡಿಸಿ ತೋರಿಸಿಲ್ಲವೆಂದು ಹೇಳಿ, 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ತಲೆಪೆಟ್ಟಿನ ವಿಷಯದಲ್ಲಿ ಅನುಮತಿ ನಿರಾಕರಿಸಿತು. ಅದೇ ಸಾಧನಕ್ಕೆ 2021ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಬೇರೊಂದು ರೋಗದವರ ನಡಿಗೆಯ ತೊಂದರೆಗೆ ಅನುಮತಿ ಸಿಕ್ಕಿತು. ಈ ಕಥೆಯಲ್ಲಿ ಭರವಸೆಯೂ ಇದೆ: ವರ್ಷ ಕಳೆದ ಮೇಲೂ ಕ್ರಮಬದ್ಧ ಅಭ್ಯಾಸದೊಡನೆ ದೇಹ ಸುಧಾರಿಸಬಲ್ಲದು.

ಇನ್ನೊಂದು ಅಂಶವನ್ನೂ ಮರೆಯಬಾರದು. ಕೆಲವರ ನಡುಕ ತಾನಾಗಿಯೇ ಶಮನಗೊಳ್ಳುತ್ತದೆ. 1996ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ತೀವ್ರ ತಲೆಪೆಟ್ಟಿನಿಂದ ಬದುಕುಳಿದ 221 ಜನರ ಪೈಕಿ 50 ಜನರಿಗೆ ಚಲನೆಯ ತೊಂದರೆಗಳು ಬಂದಿದ್ದವು. ಅವರಲ್ಲಿ 23 ಜನರ ತೊಂದರೆ ತಾತ್ಕಾಲಿಕವಾಗಿತ್ತು. ಹೀಗೆ ತಾನಾಗಿ ಇಳಿಯುತ್ತಿರುವ ಹೊತ್ತಿನಲ್ಲಿ ಯಾವ ಚಿಕಿತ್ಸೆ ನಡೆದಿರುತ್ತದೆಯೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಗುಣವಾದವರು ಪ್ರಾಮಾಣಿಕವಾಗಿಯೇ ಹತ್ತು ಜನರಿಗೆ ಹೇಳುತ್ತಾರೆ. ಗುಣವಾಗದವರು ಮೌನವಾಗಿರುತ್ತಾರೆ. ಆದ್ದರಿಂದ ಒಬ್ಬರ ಅನುಭವ ಎಷ್ಟೇ ಸತ್ಯವಾಗಿದ್ದರೂ ಅದು ಎಲ್ಲರಿಗೂ ಪ್ರಮಾಣವಾಗಲಾರದು.

ಹಣಕ್ಕಿಂತ ದೊಡ್ಡ ನಷ್ಟ ಕಾಲದ್ದು. ನಡುಕಕ್ಕೆ ಕಾರಣ ಕೆಲವೊಮ್ಮೆ ಔಷಧವೇ ಆಗಿರುತ್ತದೆ. ಫಿಟ್ಸ್ ತಡೆಯಲು ಕೊಡುವ ವ್ಯಾಲ್ಪ್ರೋಯೇಟ್ ಕೆಲವರಲ್ಲಿ ಕೈನಡುಕ ತರಬಲ್ಲದು. ವೈದ್ಯರು ಅದರ ಪ್ರಮಾಣವನ್ನು ಹೊಂದಿಸಬಹುದು ಅಥವಾ ಬೇರೆ ಮಾತ್ರೆ ಕೊಡಬಹುದು. ನಾವಾಗಿಯೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುವ ಅಪಾಯವಿದೆ. ಪೆಟ್ಟಾದ ವಾರಗಳ ನಂತರ ಬುರುಡೆಯೊಳಗೆ ನಿಧಾನವಾಗಿ ರಕ್ತ ಸಂಗ್ರಹವಾಗಬಹುದು, ಮೆದುಳಿನಲ್ಲಿ ನೀರು ತುಂಬಿಕೊಳ್ಳಬಹುದು. ನಡಿಗೆ ದಿನೇದಿನೇ ಕೆಡುವುದು, ತಲೆನೋವು, ವಾಂತಿ, ಮಂಪರು, ಮೂತ್ರದ ಹತೋಟಿ ತಪ್ಪುವುದು ಕಂಡರೆ ಒಡನೆಯೇ ಆಸ್ಪತ್ರೆ ಸೇರಬೇಕು. ಅಂಥವರನ್ನು ಯಂತ್ರದ ಮುಂದೆ ಕೂರಿಸಿದರೆ ಉಳಿಸಬಹುದಾದ ಜೀವಕ್ಕೇ ಕುತ್ತು ಬರಬಹುದು. ಫಿಟ್ಸ್ ಇರುವವರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಬುರುಡೆಯ ಮೂಳೆ ತೆಗೆದವರು ಅಥವಾ ಒಳಗೆ ಲೋಹದ ತಟ್ಟೆ ಇರುವವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಇಂತಹ ವಿದ್ಯುತ್ತನ್ನು ಪಡೆಯಕೂಡದು. ಸ್ಪರ್ಶಜ್ಞಾನ ಕುಗ್ಗಿದ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಮೆದುಳಿನ ರೋಗಗಳನ್ನೂ ಪಾರ್ಶ್ವವಾಯುವನ್ನೂ ಗುಣಪಡಿಸುವುದಾಗಿ ಸಾರುವ ಜಾಹೀರಾತುಗಳನ್ನು ನಮ್ಮ ದೇಶದ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿರ್ಬಂಧಿಸಿದೆ. ಆದಕಾರಣ ‘ಶೇಕಡಾ ನೂರರಷ್ಟು ಗುಣ’ ಎಂಬ ಮಾತು ಕಂಡಲ್ಲಿ ಎಚ್ಚರಗೊಳ್ಳಬೇಕು. ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಈ ಸಾಧನವನ್ನು ಪರೀಕ್ಷಿಸಿರುವುದು ತಲೆಪೆಟ್ಟಿನ ನಡುಕಕ್ಕೋ, ಬೇರೆ ತೊಂದರೆಗೋ? ಎಷ್ಟು ದಿನಗಳಲ್ಲಿ ಯಾವ ಬದಲಾವಣೆಯನ್ನು ನಿರೀಕ್ಷಿಸಬೇಕು? ಫಲ ಕಾಣದಿದ್ದರೆ ನಿಲ್ಲಿಸುವುದು ಯಾವಾಗ? ಉತ್ತರ ಹೇಳಲು ಹಿಂಜರಿಯುವವರಿಂದ ದೂರವಿರುವುದೇ ಕ್ಷೇಮ.

ಹಾಗಾದರೆ ಮಾಡಬೇಕಾದುದೇನು? ಜಿಲ್ಲಾ ಆಸ್ಪತ್ರೆಯ ಮೂಲಕವಾಗಲಿ ನೇರವಾಗಿಯಾಗಲಿ ನರರೋಗ ತಜ್ಞರನ್ನು ಕಂಡು ಕಾರಣವನ್ನು ನಿರ್ಣಯಿಸಿಕೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಸಂಬಂಧಿ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಪ್ರೊಪ್ರನೊಲಾಲ್, ಕ್ಲೊನಾಜೆಪಾಮ್ ಮುಂತಾದ ಮಾತ್ರೆಗಳು ಕೆಲವರಿಗೆ ಒಗ್ಗುತ್ತವೆ. ಅವನ್ನು ನಿರ್ಧರಿಸಬೇಕಾದವರು ವೈದ್ಯರು. ಮನೆಯಲ್ಲಿ ದಪ್ಪ ಹಿಡಿಕೆಯ ಚಮಚ, ಮುಚ್ಚಳವಿರುವ ಲೋಟ, ಮೊಣಕೈಯನ್ನು ಮೇಜಿನ ಮೇಲೆ ಊರಿ ಉಣ್ಣುವ ಅಭ್ಯಾಸ ಇವು ಖರ್ಚಿಲ್ಲದ ನೆರವುಗಳು. ಫಿಜಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ ಪ್ರತಿದಿನವೂ ನಡೆಯಬೇಕು. ವಾರಕ್ಕೊಮ್ಮೆ ಹಾಳೆಯ ಮೇಲೆ ಸುರುಳಿಯೊಂದನ್ನು ಬರೆಯಿಸಿ ತಾರೀಖು ಹಾಕಿ ಇಟ್ಟುಕೊಂಡರೆ, ಯಾವ ಚಿಕಿತ್ಸೆಯಿಂದ ನಿಜವಾಗಿ ಎಷ್ಟು ಬದಲಾಯಿತೆಂಬುದನ್ನು ಮನೆಯವರೂ ವೈದ್ಯರೂ ಕಣ್ಣಾರೆ ನೋಡಬಹುದು.

ನಡುಗುವ ಕೈಯವರಿಗೆ ಊಟ ಮಾಡಿಸಿ ಮುಗಿಸಿಬಿಡುವುದು ಸುಲಭ. ಚೆಲ್ಲಿದರೂ ಸರಿ, ತಾವೇ ಉಣ್ಣಲೆಂದು ತಾಳ್ಮೆಯಿಂದ ಪಕ್ಕದಲ್ಲಿ ಕುಳಿತುಕೊಳ್ಳುವುದು ಕಷ್ಟ. ಈ ಕಷ್ಟದ ಕೆಲಸವನ್ನು ಮನೆಯ ಒಬ್ಬರ ಮೇಲೆಯೇ ಹೊರಿಸದೆ ಎಲ್ಲರೂ ಸರದಿಯಂತೆ ಹಂಚಿಕೊಳ್ಳಬೇಕು. ಯಂತ್ರಕ್ಕೆಂದು ಕೂಡಿಟ್ಟ ಹಣ ಮೊದಲು ತಪಾಸಣೆಗೂ ತಿಂಗಳುಗಟ್ಟಲೆ ನಡೆಯಬೇಕಾದ ವ್ಯಾಯಾಮಕ್ಕೂ ವಿನಿಯೋಗವಾಗಲಿ ಎಂಬುದು ಸದ್ಭಕ್ತರಲ್ಲಿ ನಮ್ಮ ವಿನಂತಿ.